ಚಿನ್ನದ ಗಣಿಯ ಸೀಮೆಯಲ್ಲಿ ಗಾಳಿ ಬಿಡಿಸುವ ಪದ್ಧತಿ

ಸಂಜೆಗತ್ತಲಲ್ಲಿ ದಿಗಿಲು ಬಿದ್ದು ಬಂದ ಮಗುವಿಗೆ ತಾಯಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುವುದನ್ನು ಕಾಣದವರು ನಮ್ಮಲ್ಲಿ ವಿರಳ. ಮೆಣಸಿನಕಾಯಿ ಚಟಪಟ ಎನ್ನುತ್ತದೆ. ಮಗು ತಾಯಿಯ ಮಡಿಲಿನಲ್ಲಿ ನಿದ್ದೆಹೋಗುತ್ತದೆ. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ನಕ್ಕಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಮಗು ನಿದ್ದೆಹೋದದ್ದು ಹೇಗೆ? ದೊಡ್ಡವರಿಗೂ ದಿಗಿಲು ಬೀಳುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು, ಕಣ್ಣೆದುರಿಗೇ ಜೊತೆಗಾರ ಸತ್ತುದನ್ನು ಕಂಡ ಕೂಲಿಗಾರ, ಹೆತ್ತ ಕೂಸನ್ನು ಮಣ್ಣುಮಾಡಿ ಬಂದ ತಾಯಿ, ಇವರು ಮಾತು ಬಿಡುತ್ತಾರೆ, ಊಟ ಬಿಡುತ್ತಾರೆ, ಒಮ್ಮೊಮ್ಮೆ ತಮ್ಮದಲ್ಲದ ಧ್ವನಿಯಲ್ಲಿ ಮಾತನಾಡುತ್ತಾರೆ. ಇಂಥವರಿಗೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು, ಅದರಲ್ಲಿ ಹುರುಳೆಷ್ಟು, ಹೊಟ್ಟೆಷ್ಟು ಎಂಬುದನ್ನು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಮಾಡಬಯಸುತ್ತೇನೆ.

ಮೊದಲು ಒಂದು ಹೆಸರಿನ ಮಾತು. ಮೈಮರೆತ ಸ್ಥಿತಿಯಲ್ಲಿ ಕಾಣದ ಲೋಕದೊಡನೆ ವ್ಯವಹರಿಸಿ ರೋಗ ಕಳೆಯುವವನನ್ನು ವಿದ್ವಾಂಸರು ‘ಶಮನ್’ ಎನ್ನುತ್ತಾರೆ. ಇದು ಸೈಬೀರಿಯದ ತುಂಗೂಸ್ ಜನರ ಮಾತು. ಮಿರ್ಚಿಯಾ ಎಲಿಯಾಡೆ ಎಂಬ ಪಂಡಿತನು ೧೯೫೧ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಿಂದ ಈ ಹೆಸರು ಲೋಕಪ್ರಸಿದ್ಧವಾಯಿತು. ಸೈಬೀರಿಯದ ಶಮನನ ಆತ್ಮವು ದೇಹವನ್ನು ಬಿಟ್ಟು ಮೇಲಣ ಲೋಕಕ್ಕೂ ಕೆಳಗಣ ಲೋಕಕ್ಕೂ ಹೋಗಿ, ತಪ್ಪಿಸಿಕೊಂಡ ರೋಗಿಯ ಆತ್ಮವನ್ನು ಹಿಡಿದು ತರುತ್ತದೆ ಎಂದು ಅಲ್ಲಿಯ ನಂಬಿಕೆ. ನಮ್ಮಲ್ಲಿ ನಡೆಯುವುದು ಬೇರೆ. ಇಲ್ಲಿ ಮನುಷ್ಯನು ಎಲ್ಲಿಗೂ ಹೋಗುವುದಿಲ್ಲ. ದೇವರೇ ಅವನ ಮೈಮೇಲೆ ಬರುತ್ತದೆ. ಕೋಲಾರದ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕನ್ನಡಿಗರು ‘ಮೈದುಂಬಿತು’ ಎಂದದ್ದನ್ನು ತೆಲುಗರು ‘ಪೂನಕಂ’ ಎನ್ನುತ್ತಾರೆ, ತಮಿಳರು ‘ಸಾಮಿ ಆಡುವುದು’ ಎನ್ನುತ್ತಾರೆ. ಕಾಡುವ ಪೀಡೆಗೆ ಮಾತ್ರ ಮೂರು ಭಾಷೆಗಳಲ್ಲಿಯೂ ಒಂದೇ ಅರ್ಥದ ಹೆಸರು: ಕನ್ನಡದಲ್ಲಿ ಗಾಳಿ, ತೆಲುಗಿನಲ್ಲಿ ಗಾಲಿ, ತಮಿಳಿನಲ್ಲಿ ಕಾತ್ತು. ಕಣ್ಣಿಗೆ ಕಾಣದು, ಕೈಗೆ ಸಿಕ್ಕದು, ಆದರೆ ಮೈಗೆ ತಾಕುವುದು. ದುಃಖಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ಈ ನಂಬಿಕೆಯ ಬೇರು ಗಣಿಗಿಂತ ಬಹಳ ಹಳೆಯದು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಗಂಗ, ಬಾಣ, ನೊಳಂಬರ ಕಾಲದ ವೀರಗಲ್ಲುಗಳ ಲೇಖಗಳು ಅನೇಕವಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರನ್ನು ಕಾಯಲು ಹೋಗಿ ಮಡಿದವನು, ಇಂಥವರಿಗೆ ಊರವರು ಕಲ್ಲು ನಿಲ್ಲಿಸಿದರು, ಹೆಸರು ಬರೆಸಿದರು, ಪೂಜೆ ಮಾಡಿದರು. ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು ನಿಂತಿತು. ಇವನ್ನು ನಾವು ಶೌರ್ಯದ ಗುರುತುಗಳೆಂದು ಮಾತ್ರ ಓದುತ್ತೇವೆ. ಆದರೆ ಇವು ಅಕಾಲದಲ್ಲಿ ಸತ್ತವರ ಗುರುತುಗಳೂ ಹೌದು. ವಯಸ್ಸಾಗಿ ಸತ್ತವನು ಪಿತೃಗಳಲ್ಲಿ ಸೇರುತ್ತಾನೆ. ಆಯುಸ್ಸು ಮುಗಿಯುವುದಕ್ಕೆ ಮುಂಚೆ ಕತ್ತಿಯಿಂದ ಸತ್ತವನಿಗೆ ಎಡೆಯೆಲ್ಲಿ? ಅವನಿಗೆ ನಿಲ್ಲಲು ಒಂದು ಕಲ್ಲು ಕೊಟ್ಟರೆ ಅವನು ಊರನ್ನು ಕಾಡುವುದಿಲ್ಲ, ಕಾಯುತ್ತಾನೆ. ಈ ಸೂತ್ರವನ್ನು ನೆನಪಿನಲ್ಲಿಡಬೇಕು. ಮುಂದೆ ಗಣಿಯ ಕೂಲಿಗಾರರ ಮನೆಗಳಲ್ಲಿಯೂ ಇದನ್ನೇ ಕಾಣುತ್ತೇವೆ.

ಕೋಲಾರದ ಪಟ್ಟಣದಲ್ಲಿ ಕೋಲಾರಮ್ಮನ ಗುಡಿಯಿದೆ. ಅಲ್ಲಿಯ ಚೋಳರ ಕಾಲದ ತಮಿಳು ಶಾಸನಗಳಲ್ಲಿ ದೇವಿಗೆ ಪಿಡಾರಿಯೆಂಬ ಹೆಸರಿದೆ. ಅದೇ ಆವರಣದಲ್ಲಿ ಚೇಳಮ್ಮನ ಗುಡಿ. ಈಕೆಗೆ ನಡೆದುಕೊಂಡವರನ್ನು ಚೇಳು ಕಡಿಯದೆಂದು ನಂಬಿಕೆ. ಕಲ್ಲುಭೂಮಿಯ ಸೀಮೆಯಲ್ಲಿ ಚೇಳಿನ ಭಯ ದಿನದಿನದ್ದು. ಭಯಕ್ಕೆ ಒಂದು ರೂಪ ಕೊಟ್ಟು, ಅದನ್ನು ತಾಯಿಯೆಂದು ಕರೆದು, ಕಾಣಿಕೆ ಸಲ್ಲಿಸಿ ಒಡಂಬಡಿಕೆ ಮಾಡಿಕೊಳ್ಳುವ ರೀತಿ ಇದು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನರು ಮಾಡಿದ್ದೂ ಇದನ್ನೇ. ಹೊಸ ರೋಗಕ್ಕೆ ಪ್ಲೇಗಮ್ಮನೆಂಬ ಹೊಸ ಹೆಸರಿಟ್ಟು ಗುಡಿ ಕಟ್ಟಿದರು. ಸರ್ಕಾರದವರು ಮನೆಗಳನ್ನು ತೆರವುಮಾಡಿಸಿ, ಸೋಂಕು ಕಳೆದು, ರೋಗಿಗಳನ್ನು ಬೇರೆಯಿಟ್ಟರು. ಅದು ಅಗತ್ಯವಾದ ಕೆಲಸ. ಆದರೆ ಒಂದೇ ವಾರದಲ್ಲಿ ಮನೆಯ ಮೂವರನ್ನು ಕಳೆದುಕೊಂಡವನು ಎಲ್ಲಿ ಹೋಗಿ ಅಳಬೇಕು ಎಂಬುದಕ್ಕೆ ಪ್ಲೇಗಿನ ಇಲಾಖೆಯಲ್ಲಿ ಉತ್ತರವಿರಲಿಲ್ಲ. ಪ್ಲೇಗಮ್ಮನ ಗುಡಿಯ ಮುಂದೆ ಇತ್ತು.

ಈಗ ಗಣಿಗೆ ಬರೋಣ. ೧೮೦೨ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿಯು ಊರಿಗಾಂ, ಮಾರಿಕುಪ್ಪಗಳ ಸುತ್ತ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ವಿಚಾರಿಸಿ ಬರೆದಿಟ್ಟನು. ಮಾರಿಕುಪ್ಪವೆಂಬ ಹೆಸರಿನ ಮೊದಲಲ್ಲಿಯೇ ಮಾರಿಯ ಹೆಸರು ಕೇಳಿಸುತ್ತದೆ. ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯವರು ಬಂದ ಮೇಲೆ ಆಳವಾದ ಗಣಿಗಳು ತೆರೆದವು. ೧೮೯೦ರ ದಶಕದಲ್ಲಿ ಬಂಗಾರಪೇಟೆಯಿಂದ ರೈಲುದಾರಿ ಕವಲೊಡೆದು ಗಣಿಗೆ ಹೋಯಿತು. ಆ ಬಂಗಾರಪೇಟೆಗೆ ಆಗಿನ ಹೆಸರು ಬೌರಿಂಗ್‌ಪೇಟೆ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತೆರಡು ಮೈಲಿ ಹರಿದು ಬಂದು ಗಣಿಯ ಯಂತ್ರಗಳನ್ನು ನಡೆಸಿತು. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಚರಿತ್ರೆ. ಇದರ ಮಗ್ಗುಲಲ್ಲಿ ಇನ್ನೊಂದು ಚರಿತ್ರೆಯುಂಟು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯ ಹಳ್ಳಿಗಳಿಂದ, ಬಹುಮಟ್ಟಿಗೆ ಊರ ಹೊರಗೆ ಇರಿಸಲ್ಪಟ್ಟಿದ್ದ ಜಾತಿಗಳವರು, ಬರಗಾಲದಿಂದಲೂ ಜಮೀನುದಾರನಿಂದಲೂ ತಪ್ಪಿಸಿಕೊಂಡು ಇಲ್ಲಿಗೆ ಬಂದರು. ೧೯೩೦ರ ವೇಳೆಗೆ ಸುಮಾರು ೩೦,೦೦೦ ಮಂದಿ ಗಣಿಗಳಲ್ಲಿ ದುಡಿಯುತ್ತಿದ್ದರು. ಸಾಲುಸಾಲಾದ ತಡಿಕೆಯ ಗುಡಿಸಲುಗಳಲ್ಲಿ ಅವರ ಸಂಸಾರ. ಈ ಸಾಲುಗಳಿಗೆ ‘ಲೈನು’ ಎಂದು ಹೆಸರು.

ಬಂದವರು ತಮ್ಮ ಬುತ್ತಿಯ ಜೊತೆಗೆ ತಮ್ಮ ದೇವರುಗಳನ್ನೂ ತಂದರು. ಲೈನುಗಳಲ್ಲಿ ಮಾರಿಯಮ್ಮನೂ ಮುನೀಶ್ವರನೂ ನೆಲೆಸಿದರು. ಉಡುಕ್ಕೈ ಎಂಬ ನಡುಸಣ್ಣನೆಯ ಕೈವಾದ್ಯವೂ ಪಂಬೆಯ ಜೋಡಿ ಮದ್ದಳೆಯೂ ಬಂದವು. ಇವರಿಗೆ ಕಾದಿದ್ದ ಸಾವು ಹಳ್ಳಿಯ ಸಾವಲ್ಲ. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ೩,೨೦೦ ಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಮೇಲಣ ಭಾರಕ್ಕೆ ಸಿಕ್ಕಿದ ಬಂಡೆಯು ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿಯುತ್ತದೆ. ಗಣಿಯವರು ಇದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಮೈಸೂರು ಭೂಗರ್ಭಶಾಸ್ತ್ರದ ಇಲಾಖೆಯ ಡಾ. ಸ್ಮೀತ್ ಅವರು ೧೯೦೪ರಲ್ಲಿಯೇ ಈ ಹೆಸರಿನಿಂದ ಇದರ ಮೇಲೆ ಒಂದು ಬುಲೆಟಿನ್ ಬರೆದರು. ಇಂಗ್ಲಿಷಿನ ಈ ಹೆಸರಿನಲ್ಲಿಯೂ ಗಾಳಿಯೇ ಇದೆ! ಬೆಳಿಗ್ಗೆ ಇಳಿದವನು ಸಂಜೆ ಮೇಲೆ ಬಾರದಿದ್ದರೆ ಅದು ಗಾಳಿಯ ಕೆಲಸವೆಂದು ಇಂಜಿನಿಯರನೂ ಹೇಳುತ್ತಿದ್ದನು, ಲೈನಿನ ಮುದುಕಿಯೂ ಹೇಳುತ್ತಿದ್ದಳು. ಇಂಜಿನಿಯರನು ಕಲ್ಲು ಏಕೆ ಸಿಡಿಯಿತೆಂದು ಲೆಕ್ಕಹಾಕಿದನು. ಸತ್ತವನ ಹೆಂಡತಿಯ ಎದೆ ಏಕೆ ಸಿಡಿಯುತ್ತಿದೆಯೆಂಬ ಲೆಕ್ಕ ಮುದುಕಿಯ ಪಾಲಿಗೆ ಬಂತು.

ನಾನು ಬಂಗಾರಪೇಟೆಯಲ್ಲಿ ಓದುತ್ತಿದ್ದ ಹುಡುಗನಾಗಿದ್ದಾಗ, ಮಾರಿಕುಪ್ಪದ ಕಡೆಯ ಒಂದು ಲೈನಿನಲ್ಲಿದ್ದ ಸಹಪಾಠಿಯ ಮನೆಗೆ ಹೋಗಿ ಒಂದು ರಾತ್ರಿ ತಂಗಬೇಕಾಯಿತು. ಅವರ ನೆರೆಮನೆಯಲ್ಲಿ ಆ ರಾತ್ರಿ ಉಡುಕ್ಕೈ ಬಾರಿಸಿದರು. ಆ ಮನೆಯ ಮಗನು ಆರು ತಿಂಗಳ ಹಿಂದೆ ಗಣಿಯೊಳಗೆ ಸತ್ತಿದ್ದನು. ಅಂದಿನಿಂದ ಅವನ ಚಿಕ್ಕ ವಯಸ್ಸಿನ ಹೆಂಡತಿ ಮಾತು ನಿಲ್ಲಿಸಿದ್ದಳು. ಆಸ್ಪತ್ರೆಯಲ್ಲಿ ನಿದ್ದೆಯ ಮಾತ್ರೆ ಕೊಟ್ಟಿದ್ದರು. ಮನೆಯ ನಡುವೆ ಸಾರಿಸಿ ರಂಗೋಲಿಯಿಟ್ಟು, ಕಲಶ, ಬೇವಿನ ಸೊಪ್ಪು, ನಿಂಬೆಯ ಹಣ್ಣು, ಕರ್ಪೂರಗಳನ್ನು ಅಣಿಮಾಡಿದ್ದರು. ನೆರೆಯವರೆಲ್ಲ ಒತ್ತಾಗಿ ಕುಳಿತಿದ್ದರು. ಬಾರಿಸುವವನು ಹಗಲಿನಲ್ಲಿ ಗಣಿಯ ಕೂಲಿಗಾರನೇ. ಅವನು ಮೊದಲು ಊರಿನ ದೇವತೆಗಳನ್ನೆಲ್ಲ ಹೆಸರು ಹಿಡಿದು ಕರೆದನು. ವಾದ್ಯದ ಗತಿ ಏರುತ್ತ ಹೋಯಿತು. ಹುಡುಗಿಯು ತೂಗಾಡತೊಡಗಿ ತಲೆಗೂದಲು ಬಿಚ್ಚಿಕೊಂಡಳು. ಆಗ ಅವನು ವಾದ್ಯವನ್ನು ತಟ್ಟನೆ ನಿಲ್ಲಿಸಿ ಕೇಳಿದನು: “ನೀನು ಯಾರು? ಏನು ಬೇಕು? ಯಾಕೆ ಬಂದೆ?”

ಬಹಳ ಹೊತ್ತಿನ ಮೇಲೆ ಅವಳ ಬಾಯಿಂದ ಒರಟಾದ ಧ್ವನಿಯೊಂದು ಹೊರಟಿತು. “ಹಸಿದು ಹೋದೆ” ಎಂದಿತು. ಆ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿ, ಅವನು ಊಟದ ಡಬ್ಬಿಯನ್ನು ಮುಟ್ಟದೆ ಪಾಳಿಗೆ ಹೋಗಿದ್ದನಂತೆ. ಇದು ಅತ್ತೆಗೂ ಸೊಸೆಗೂ ಮಾತ್ರ ಗೊತ್ತಿದ್ದ ಸಂಗತಿ. ಆರು ತಿಂಗಳು ಅವರಿಬ್ಬರೂ ಒಂದೇ ಸೂರಿನ ಕೆಳಗೆ ಇದನ್ನು ನುಂಗಿಕೊಂಡು ಬದುಕಿದ್ದರು. ಅತ್ತೆ ಎದ್ದು, ಎಲೆಯ ಮೇಲೆ ಅನ್ನ ಬಡಿಸಿ, “ಬಾಪ್ಪ, ಉಣ್ಣು. ಅವಳ ತಪ್ಪಲ್ಲ, ನನ್ನ ಬಾಯಿಯದು ತಪ್ಪು” ಎಂದು ಗೋಳೋ ಎಂದು ಅತ್ತಳು. ಕುಳಿತವರೆಲ್ಲರೂ ಅತ್ತರು. ಬಾರಿಸುವವನು ಆ ಧ್ವನಿಯೊಡನೆ ಒಡಂಬಡಿಕೆ ಮಾಡಿಕೊಂಡನು: ವರ್ಷಕ್ಕೊಮ್ಮೆ ಈ ದಿನ ಎಡೆಯಿಡುತ್ತೇವೆ, ಗೋಡೆಯ ಮೇಲೆ ನಿನ್ನ ಪಟವಿರುತ್ತದೆ, ಹುಡುಗಿಯನ್ನು ಬಿಡು. ಹುಡುಗಿಯು ಬೆಳಗಿನ ಜಾವಕ್ಕೆ ನಿದ್ದೆಹೋದಳು. ಅವಳು ಅಂದೇ ಗುಣವಾದಳೆಂದು ನಾನು ಹೇಳಲಾರೆ. ಆದರೆ ಕೆಲವು ದಿನಗಳ ಮೇಲೆ ಅವಳು ನಲ್ಲಿಯ ಬಳಿ ನೆರೆಯವರೊಡನೆ ಮಾತನಾಡುತ್ತಿದ್ದಳೆಂದು ಸ್ನೇಹಿತನು ತಿಳಿಸಿದನು.

ಈ ರಾತ್ರಿಯನ್ನು ಕುರಿತು ನಾನು ಬಹಳ ಕಾಲ ಯೋಚಿಸಿದ್ದೇನೆ. ಅಲ್ಲಿ ನಡೆದದ್ದು ಮೂರು ಕೆಲಸ. ಮೊದಲನೆಯದು, ಹೇಳಬಾರದ ಮಾತಿಗೆ ಬಾಯಿ ದೊರೆಯಿತು. ಸೊಸೆಯು ತನ್ನ ಬಾಯಿಯಿಂದ ಅತ್ತೆಯ ಮುಂದೆ ಆ ಮಾತನ್ನು ಆಡುವಂತಿರಲಿಲ್ಲ. ಸತ್ತವನ ಧ್ವನಿಗೆ ಆ ಅಡ್ಡಿಯಿಲ್ಲ. ಎರಡನೆಯದು, ದುಃಖಕ್ಕೆ ಸಾಕ್ಷಿಗಳು ದೊರೆತರು. ಒಬ್ಬಳ ಸಂಕಟವು ಇಡೀ ಲೈನಿನ ಸಂಕಟವಾಯಿತು. ನಾಳೆ ಅವಳನ್ನು ಯಾರೂ ಅಪಶಕುನವೆಂದು ದೂರ ಇಡುವಂತಿಲ್ಲ. ಮೂರನೆಯದು, ಸತ್ತವನಿಗೆ ಸ್ಥಳ ದೊರೆಯಿತು. ಅವನು ಅವಳ ಮೈಯನ್ನು ಬಿಟ್ಟು ಗೋಡೆಯ ಪಟಕ್ಕೂ ವರ್ಷದ ಎಡೆಗೂ ಹೋದನು. ಉತ್ತರ ಆರ್ಕಾಟಿನ ಕಡೆಯವರಲ್ಲಿ ಇದರ ಇನ್ನೊಂದು ರೂಪವುಂಟು. ಮುತ್ತೈದೆಯಾಗಿ ಅಥವಾ ಕನ್ಯೆಯಾಗಿ ಸತ್ತವಳನ್ನು ನೀರಿನ ತಡಿಯಿಂದ ಕಲಶದಲ್ಲಿ ಮನೆಗೆ ಕರೆತಂದು, ಸೀರೆ, ಬಳೆ, ಹೂವುಗಳನ್ನಿಟ್ಟು ಮನೆದೇವತೆಯಾಗಿ ನೆಲೆಗೊಳಿಸುತ್ತಾರೆ. ಅವಳಿಗೆ ‘ಪೂವಾಡೈಕ್ಕಾರಿ’, ಹೂವನ್ನು ತೊಟ್ಟವಳು ಎಂದು ಹೆಸರು. ವೀರಗಲ್ಲನ್ನು ನಿಲ್ಲಿಸಿದವರ ಸೂತ್ರವೇ ಇದು. ಕಲ್ಲಿನ ಬದಲು ಒಂದು ಪಟ, ಒಂದು ಸೀರೆ.

ಇಂಥ ಪದ್ಧತಿ ಒಂದೇ ಮತದ್ದೆಂದು ಭಾವಿಸಬಾರದು. ಹಳೆಯ ಕೋಲಾರ ಜಿಲ್ಲೆಯ ಚಿಂತಾಮಣಿಯ ಬಳಿ ಮುರುಗಮಲ್ಲದ ದರ್ಗಾ ಇದೆ. ಅಲ್ಲಿಗೆ ಗಾಳಿ ಸೋಕಿದವರೆಂಬ ಹಿಂದೂಗಳೂ ಮುಸಲ್ಮಾನರೂ ಸಮನಾಗಿ ಬರುತ್ತಾರೆ. ಅದೇ ರೀತಿ, ಇದನ್ನು ವಿರೋಧಿಸಿದವರೆಲ್ಲರೂ ಇಂಗ್ಲಿಷು ಓದಿದ ನಮ್ಮಂಥವರೇ ಎಂದೂ ಭಾವಿಸಬಾರದು. ಪಂಡಿತ ಅಯೋತಿ ದಾಸರು ೧೮೯೮ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದರು. ಅದರ ಬಲವಾದ ಶಾಖೆಗಳಲ್ಲೊಂದು ಚಿನ್ನದ ಗಣಿಯಲ್ಲಿತ್ತು. ೧೯೧೪ರಲ್ಲಿ ಅವರು ತೀರಿಕೊಂಡ ಮೇಲೆ ಅವರ ‘ತಮಿಳನ್’ ಪತ್ರಿಕೆಯು ಕೆಲವು ಕಾಲ ಈ ಗಣಿಯಿಂದಲೇ ಹೊರಟಿತು. ದೆವ್ವ, ಬಲಿ, ಮೈಮೇಲೆ ಬರುವುದು ಇವೆಲ್ಲ ನಮ್ಮನ್ನು ಕೆಳಗೆ ಇಟ್ಟಿರುವ ಸಂಕೋಲೆಗಳೆಂದು ಗಣಿಯ ಬೌದ್ಧರು ಲೈನಿನ ಜನರಿಗೆ ಬೋಧಿಸಿದರು. ಒಂದೇ ಲೈನಿನಲ್ಲಿ ಒಂದು ಮನೆಯಲ್ಲಿ ಉಡುಕ್ಕೈ, ಇನ್ನೊಂದು ಮನೆಯಲ್ಲಿ ಪಂಚಶೀಲ. ಈ ವಾದವನ್ನು ನಾವು ಗೌರವದಿಂದ ಕೇಳಬೇಕು, ಏಕೆಂದರೆ ಅದು ಹೊರಗಿನವರ ತಾತ್ಸಾರವಲ್ಲ, ಒಳಗಿನವರ ನೋವು.

ಇನ್ನು ವೈದ್ಯಶಾಸ್ತ್ರದ ಮಾರ್ಗ. ಬೆಂಗಳೂರಿನಲ್ಲಿ ೧೮೪೭ರ ಸುಮಾರಿಗೆ ಹುಚ್ಚರ ಆಸ್ಪತ್ರೆ ಆರಂಭವಾಯಿತು. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಮರುಹೆಸರಾಯಿತು. ಹೆಸರು ಬದಲಾದುದು ಸಣ್ಣ ಸಂಗತಿಯಲ್ಲ, ಹುಚ್ಚನೆಂಬವನು ರೋಗಿಯಾದನು. ೧೯೭೪ರಲ್ಲಿ ಅದು ನಿಮ್ಹಾನ್ಸ್ ಸಂಸ್ಥೆಯಾಯಿತು. ೧೯೩೫ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಗಳೂ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ವೈದ್ಯರು ಈ ಹಳೆಯ ಪದ್ಧತಿಗಳನ್ನು ಕಡೆಗಣಿಸಿದರೆಂದು ಹೇಳುವಂತಿಲ್ಲ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ವೈದ್ಯರು ದಕ್ಷಿಣ ಕನ್ನಡದ ಕೋಟದಲ್ಲಿ ಪರಿಶೋಧನೆ ನಡೆಸಿ ೧೯೭೬ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿ ನಾಡವೈದ್ಯ, ಮಂತ್ರವಾದಿ, ಭೂತದ ಪಾತ್ರಿ ಎಂದು ಮೂರು ಬಗೆಯವರ ಬಳಿಗೆ ಜನರು ಹೋಗುತ್ತಿದ್ದರು. ೨೦೦೨ರಲ್ಲಿ ನಿಮ್ಹಾನ್ಸಿನ ರಘುರಾಮ್ ಮೊದಲಾದವರು ತಮಿಳುನಾಡಿನ ದಿಂಡಿಗಲ್ ಸೀಮೆಯ ಒಂದು ಗುಡಿಯನ್ನು ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಕಠಿಣವಾದ ಮನೋರೋಗವಿದ್ದ ೩೧ ಮಂದಿ ತಮ್ಮ ಬಂಧುಗಳೊಡನೆ ಸರಾಸರಿ ಆರು ವಾರ ಆ ಗುಡಿಯಲ್ಲಿ ತಂಗಿದ್ದರು. ಅವರಿಗೆ ಔಷಧವಿರಲಿಲ್ಲ, ಹೊಡೆತವೂ ಇರಲಿಲ್ಲ. ಗುಡಿಯ ಸಣ್ಣಪುಟ್ಟ ಕೆಲಸ ಮತ್ತು ಆದರವಿತ್ತು. ರೋಗದ ಲಕ್ಷಣಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದಿದ್ದವು. ಇದು ಸಣ್ಣ ಪರಿಶೋಧನೆ. ಹೋಲಿಸಿ ನೋಡಲು ಬೇರೊಂದು ಗುಂಪಿರಲಿಲ್ಲ. ಆದರೂ ಆದರವೂ ಒಂದು ಚಿಕಿತ್ಸೆಯೆಂಬುದಕ್ಕೆ ಇದು ಸಾಕ್ಷಿ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದವರಿಗಾಗಿ ಯಾರೋ ನಡೆಸುತ್ತಿದ್ದ ಚಪ್ಪರದ ವಸತಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಹೋದರು. ೨೮ ಮಂದಿ ಸತ್ತರು. ಗಾಳಿ ಬಿಡಿಸುವೆನೆಂದು ಹೆಂಗಸರನ್ನು ಬೇವಿನ ಬರಲಿನಿಂದ ಹೊಡೆಯುವವರು, ಮಾಟ ಮಾಡಿಸಿದವಳು ನಿನ್ನ ನೆರೆಯವಳೇ ಎಂದು ಬೆರಳು ತೋರಿಸುವವರು, ಮೂರ್ಛೆರೋಗವನ್ನು ದೆವ್ವವೆಂದು ಹೇಳಿ ವರ್ಷಗಟ್ಟಲೆ ಹಣ ಕೀಳುವವರು ನಮ್ಮ ಸೀಮೆಗಳಲ್ಲಿಯೂ ಉಂಟು. ೨೦೧೭ರ ಮಾನಸಿಕ ಆರೋಗ್ಯದ ಕಾನೂನು ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕರ್ನಾಟಕದ ಅದೇ ವರ್ಷದ ಇನ್ನೊಂದು ಕಾನೂನು ಅಮಾನುಷವಾದ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ದಂಡನೀಯವಾಗಿಸಿದೆ. ಇವೆರಡೂ ಸ್ವಾಗತಾರ್ಹ. ಉಡುಕ್ಕೈಯವನು ಪ್ರಶ್ನೆ ಕೇಳುವವರೆಗೆ ವೈದ್ಯ. ಕೋಲನ್ನು ಕೈಗೆತ್ತಿಕೊಂಡ ಕ್ಷಣದಿಂದ ಅವನು ಪೀಡೆಯೇ. ಗುಜರಾತಿನ ಊನಾವಾ ಎಂಬಲ್ಲಿಯ ಮೀರಾ ದಾತಾರ್ ದರ್ಗಾದಲ್ಲಿ ೨೦೦೮ರ ಸುಮಾರಿಗೆ ಮನೋವೈದ್ಯರು ಅಲ್ಲಿಯೇ ಕುಳಿತು ಔಷಧ ಕೊಡುವ ಏರ್ಪಾಡಾಯಿತು. ದುವಾ ಬಿಡಬೇಡಿ, ದವಾ ಮರೆಯಬೇಡಿ ಎಂಬುದು ಅದರ ತತ್ತ್ವ. ಸಾಯುವ ಮಾತನಾಡುವವರನ್ನೂ ವಾರಗಟ್ಟಲೆ ನಿದ್ದೆ ಆಹಾರಗಳಿಲ್ಲದವರನ್ನೂ ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಹರಕೆಯನ್ನು ಆಮೇಲೆ ಸಲ್ಲಿಸಬಹುದು.

ಏರ್ವಾಡಿಯಲ್ಲಿ ಬೆಂಕಿ ಬಿದ್ದ ಆ ವರ್ಷವೇ, ಫೆಬ್ರವರಿ ೨೮ರಂದು, ಕೋಲಾರದ ಚಿನ್ನದ ಗಣಿ ಮುಚ್ಚಿತು. ನೂರ ಇಪ್ಪತ್ತು ವರ್ಷಗಳಲ್ಲಿ ಸುಮಾರು ಎಂಟುನೂರು ಟನ್ನು ಚಿನ್ನ ಕೊಟ್ಟ ನೆಲ ಮೌನವಾಯಿತು. ಪಾಳಿಯ ಕೂಗು ನಿಂತುಹೋದ ಊರಿನಿಂದ ಸಾವಿರಾರು ಮಂದಿ ಇನ್ನೂ ಕತ್ತಲಿರುವಾಗಲೇ ಎದ್ದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ರಾತ್ರಿ ಹಿಂದಿರುಗುತ್ತಾರೆ. ಬಂಡೆ ಸಿಡಿದು ಸತ್ತವನಿಗೆ ಒಂದು ಹೆಸರಿತ್ತು, ಒಂದು ದಿನವಿತ್ತು. ಅವನನ್ನು ಕರೆದು ಏನು ಬೇಕೆಂದು ಕೇಳಬಹುದಾಗಿತ್ತು. ಕೆಲಸ ಸತ್ತರೆ, ಊರು ಸತ್ತರೆ, ಯಾರನ್ನು ಕರೆಯಬೇಕು? ಯಾವ ಗೋಡೆಯ ಮೇಲೆ ಪಟ ಹಾಕಬೇಕು? ಉಡುಕ್ಕೈಗೆ ಈ ಗಾಳಿಯ ಹೆಸರು ತಿಳಿಯದು.

ಮಹನೀಯರೇ, ಹಳೆಯದನ್ನೆಲ್ಲ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ದೇವರು ನಿಜವಾಗಿ ಮೈಮೇಲೆ ಬರುತ್ತದೆಯೆ ಎಂಬ ಪ್ರಶ್ನೆಯನ್ನು ಅವರವರ ನಂಬಿಕೆಗೆ ಬಿಡುತ್ತೇನೆ. ಆದರೆ ಆ ರಾತ್ರಿ ಬಾರಿಸುವವನು ಕೇಳಿದ ಮೂರು ಪ್ರಶ್ನೆಗಳು ಮಾತ್ರ ನಮ್ಮ ಆಸ್ಪತ್ರೆಗಳಿಗೂ, ಪಾಠಶಾಲೆಗಳಿಗೂ, ಮನೆಗಳಿಗೂ ಬೇಕು. ದುಃಖದಿಂದ ಮಾತು ನಿಂತವರ ಮುಂದೆ ಕುಳಿತು, ಅವಸರಪಡದೆ, ನಾಲ್ಕು ಜನರ ಸಮಕ್ಷಮದಲ್ಲಿ, ನೀನು ಯಾರು, ಏನು ಬೇಕು, ಯಾಕೆ ಬಂದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವುದು. ಮೆಣಸಿನಕಾಯಿ ನೀವಾಳಿಸಿದ ತಾಯಿಯ ಮಡಿಲಿನಲ್ಲಿ ಮಗು ಏಕೆ ನಿದ್ದೆಹೋಯಿತೆಂಬುದಕ್ಕೆ ಇದೇ ಉತ್ತರವೆಂದು ನನಗೆ ತೋರುತ್ತದೆ. ಮೆಣಸಿನಕಾಯಿಯಿಂದಲ್ಲ, ತಾಯಿಯು ಒಲೆಯ ಮೇಲಣ ಕೆಲಸವನ್ನು ಬಿಟ್ಟು, ಅದನ್ನು ಮಡಿಲಿಗೆ ತೆಗೆದುಕೊಂಡು, ಏನಾಯಿತೋ ಮಗು ಎಂದು ಕೇಳಿದ್ದರಿಂದ.